ಬಚ್ಚಲುಮನೆ ಕಂಬಿ ಯಾರ ಹೆಸರಿಗೆ

ನಮ್ಮ ಮನೆಯವರಿಗೆ ಮೊಣಕಾಲು ನೋವು ಎಂಬುದು ಹಾಲಿನವನಿಗೆ ಗೊತ್ತು, ಎದುರುಮನೆ ಟೀಚರಮ್ಮನಿಗೆ ಗೊತ್ತು, ಬೀದಿಯ ನಾಯಿಗೂ ಗೊತ್ತು (ಇವರು ಬರುವುದು ಕಂಡರೆ ಅದು ಮೈಮುರಿದು ನಿಧಾನವಾಗಿ ಎದ್ದು ದಾರಿ ಬಿಡುತ್ತದೆ, ಅವಸರವೇನಿಲ್ಲ ಎಂದು ಅದಕ್ಕೂ ತಿಳಿದಿದೆ). ಗೊತ್ತಿಲ್ಲದವರು ಒಬ್ಬರೇ, ಆ ಮೊಣಕಾಲಿನ ಮಾಲೀಕರು.

ಸೈನ್ಯದಲ್ಲಿದ್ದು ಬಂದವರು. ಬೆಟ್ಟ ಹತ್ತಿಸಿ ಇಳಿಸಿ ಆ ಕಾಲನ್ನು ಸವೆಸಿದ್ದು ಸೈನ್ಯ, ಅದರ ಗೋಳು ಕೇಳುವವಳು ನಾನು. ಕುರ್ಚಿಯಿಂದ ಏಳುವಾಗ ಮೊಣಕಾಲು ಕಟಕ್ ಎನ್ನುತ್ತದೆ. "ಏನ್ರೀ ಅದು ಸದ್ದು?" ಎಂದರೆ "ಕುರ್ಚಿ ಹಳೇದಾಯ್ತು" ಎನ್ನುತ್ತಾರೆ. ಕುರ್ಚಿಯನ್ನೇ ಬದಲಾಯಿಸಿ ನೋಡಿದೆ. ಹೊಸ ಕುರ್ಚಿ ಮೊದಲ ದಿನವೇ ಹಳೆಯದಾಯಿತು.

ಇದನ್ನೆಲ್ಲ ನಗುತ್ತಲೇ ಸಹಿಸಿಕೊಂಡಿದ್ದೆ, ಅವರು ಬಚ್ಚಲಲ್ಲಿ ಬೀಳುವ ತನಕ. ದಢಾರ್ ಎಂದು ಸದ್ದಾಯಿತು. ಓಡಿಹೋಗಿ ಬಾಗಿಲು ಬಡಿದೆ.

"ಏನೂ ಇಲ್ಲ ಕಣೇ, ಬಕೆಟ್ ಬಿತ್ತು," ಎಂದು ಒಳಗಿನಿಂದ ಉತ್ತರ ಬಂತು.

ಬಹಳ ಹೊತ್ತಾದ ಮೇಲೆ ಹೊರಗೆ ಬಂದರು. ಮೊಣಕೈ ತರಚಿತ್ತು. ಬಿದ್ದಿತೆನ್ನಲಾದ ಬಕೆಟ್ ಕಂಠಮಟ್ಟ ನೀರು ತುಂಬಿಕೊಂಡು ನೆಟ್ಟಗೆ ನಿಂತಿತ್ತು. ಆವತ್ತಿನಿಂದ ಅವರು ಸ್ನಾನಕ್ಕೆ ಹೋದರೆ ನಾನು ಬಾಗಿಲ ಹೊರಗೆ ಪೊರಕೆ ಹಿಡಿದು ನಿಂತು, ಗುಡಿಸಿದ ಜಾಗವನ್ನೇ ಗುಡಿಸುತ್ತ, ದೇವರನ್ನು ನೆನೆಯುತ್ತಿದ್ದೆ. ನಮ್ಮ ಮನೆಯಲ್ಲಿ ಅಷ್ಟು ಚೊಕ್ಕಟವಾದ ನೆಲ ಇನ್ನೊಂದಿಲ್ಲ. ಅಷ್ಟು ಪ್ರಾರ್ಥನೆ ಬಿದ್ದ ನೆಲವೂ ಇನ್ನೊಂದಿಲ್ಲ.

ದಾರಿ ತೋರಿಸಿದ್ದು ಟೀಚರಮ್ಮ. "ರಾಜ್ಯ ಸರ್ಕಾರದ್ದು ಮಾಜಿ ಸೈನಿಕರ ಕಲ್ಯಾಣ ಇಲಾಖೆ ಅಂತ ಇದೆಯಲ್ರೀ. ಬಚ್ಚಲಲ್ಲಿ ಹಿಡ್ಕೊಳ್ಳೋಕೆ ಗೋಡೆಗೆ ಸ್ಟೀಲ್ ಕಂಬಿ ಹಾಕಿಸಿಕೊಡ್ತಾರಂತೆ, ಮನೆಗೇ ನರ್ಸ್ ಕಳಿಸ್ತಾರಂತೆ. ಒಂದು ಫೋನ್ ಮಾಡಿ, ಬಂದು ನೋಡ್ತಾರೆ."

ಫೋನ್ ಮಾಡಿದೆ. ಮಾಡಿದ ಮೇಲೆ ಇವರಿಗೆ ಹೇಳಿದೆ. (ಸಂಸಾರದಲ್ಲಿ ಕೆಲವು ವಿಷಯಗಳನ್ನು ಈ ಕ್ರಮದಲ್ಲೇ ಹೇಳಬೇಕು.)

"ಕಂಬಿನಾ? ನನಗಾ?" ಎಂದರು, ಜೈಲಿನ ಕಂಬಿಯೇ ಏನೋ ಎನ್ನುವ ಹಾಗೆ. "ಕೈಕಾಲು ಹೋದವರಿಗೆ ಇಟ್ಟಿರೋ ದುಡ್ಡು ಅದು. ನಡೆದಾಡೋನು ನಾನು ಕೈಯೊಡ್ಡಿದ್ರೆ ಅವರ ಮುಖ ನೋಡೋಕಾಗುತ್ತಾ?"

"ನಿಮಗೇನು ಸಿಂಹಾಸನ ಕೇಳಿದ್ನಾ? ಒಂದು ಕಂಬಿ ತಾನೇ?"

"ಕಂಬಿ ಹಿಡ್ಕೊಂಡು ಸ್ನಾನ ಮಾಡೋಕೆ ಬಚ್ಚಲೇನು ಬಸ್ಸಾ?"

"ಬಸ್ಸಲ್ಲಿ ಬಿದ್ರೆ ಎತ್ತೋಕೆ ಹತ್ತು ಜನ ಇರ್ತಾರೆ. ಇಲ್ಲಿ ನಾನೊಬ್ಬಳೇ."

ಇವರು ಪೇಪರನ್ನು ಮುಖದ ಮೇಲಕ್ಕೆ ಎಳೆದುಕೊಂಡರು.

ಅಧಿಕಾರಿ ಬರುವ ದಿನಕ್ಕೆ ನನ್ನದೊಂದು ಯುದ್ಧತಂತ್ರ ಸಿದ್ಧವಾಗಿತ್ತು. ಮನೆ ಇದ್ದ ಹಾಗೇ ಇರಲಿ, ಬಚ್ಚಲು ಒದ್ದೆಯಾಗಿಯೇ ಇರಲಿ, ಇವರು ಹಳೇ ಬನಿಯನ್ನಿನಲ್ಲಿ ಕುಂಟುತ್ತ ಬಂದು ಬಾಗಿಲು ತೆಗೆಯಲಿ. ನೋಡಿದವರ ಕರುಳು ಚುರುಕ್ ಎನ್ನಬೇಕು. ಆದರೆ ಮೂವತ್ತು ವರ್ಷ ಸಂಸಾರ ಮಾಡಿಯೂ ಒಂದು ವಿಷಯ ನನಗೆ ಹೊಳೆದಿರಲಿಲ್ಲ. "ಅಧಿಕಾರಿಗಳು ಮನೆ ನೋಡೋಕೆ ಬರ್ತಾರೆ" ಎಂಬ ಮಾತು ಸೈನಿಕನ ಕಿವಿಯೊಳಗೆ ಹೋದರೆ ಅಲ್ಲಿ ಅದಕ್ಕೆ ಒಂದೇ ಅರ್ಥ: ತಪಾಸಣೆ.

ಬೆಳಕು ಹರಿಯುವ ಮೊದಲೇ ಎದ್ದು ಸಮರಸನ್ನದ್ಧರಾಗಿದ್ದರು. ಹಾಸಿಗೆಯ ಹೊದಿಕೆ ಸುಕ್ಕಿಲ್ಲದೆ ಬಿಗಿಯಾಯಿತು. ಚಪ್ಪಲಿಗಳು ಎತ್ತರದ ಪ್ರಕಾರ ಸಾಲಾಗಿ ನಿಂತವು. ಅಡುಗೆಮನೆಯ ಲೋಟಗಳೂ ಬಲಕ್ಕೆ ತಿರುಗಿದವು. ನನ್ನನ್ನಾದರೂ ಬಿಟ್ಟರೆ? "ಆ ಮೂಲೆ ಜೇಡರಬಲೆ ತೆಗಿ," "ಆ ಪೆಟ್ಟಿಗೆ ಸರಿಸು," "ಬಚ್ಚಲು ಒಣಗಿಸು." ಒಣಗಿಸಿದೆ. ಕಂಬಿ ಬೇಕು ಎಂದು ತೋರಿಸಬೇಕಾಗಿದ್ದ ಬಚ್ಚಲನ್ನು ನಾನೇ ಬಗ್ಗಿ ಬಗ್ಗಿ ಒರೆಸಿ, ಮಗುವನ್ನು ಮಲಗಿಸಬಹುದಾದಷ್ಟು ಒಣಗಿಸಿದೆ.

ಅಧಿಕಾರಿಣಿ ಬಂದಾಗ ಇವರು ಇಸ್ತ್ರಿ ಶರ್ಟು, ಹೊಳೆಯುವ ಬೂಟು, ಎದೆಯ ಮೇಲೆ ಪದಕಗಳೊಂದಿಗೆ ಬಾಗಿಲಲ್ಲಿ ಸೆಟೆದು ನಿಂತಿದ್ದರು. ಹಿಂದೆ ನಾನು, ಕೂದಲು ಕೆದರಿ, ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ನೆಲ ಒರೆಸುವ ಬಟ್ಟೆ.

ಆಕೆ ಶಾಂತ ಸ್ವಭಾವದವರು, ದಪ್ಪ ಕನ್ನಡಕ, ಸಣ್ಣ ದನಿ. "ಮೊಣಕಾಲು ನೋಯುತ್ತಾ ಸರ್?"

"ಇಲ್ಲ ಮೇಡಂ."

"ಕೂತು ಏಳೋಕೆ ಆಗುತ್ತಾ?"

ನಾನು ಬೇಡ ಎನ್ನುವುದರೊಳಗೆ ಕುಕ್ಕರಗಾಲಲ್ಲಿ ಕೂತೇಬಿಟ್ಟರು. ಎದ್ದದ್ದು ಕಾಲಿನ ಬಲದಿಂದಲ್ಲ, ಹಟದ ಬಲದಿಂದ. ಮುಖ ಕೆಂಪಾಗಿ, ಕಿವಿ ಕೆಂಪಾಗಿ, ಹಣೆಯ ಬೆವರು ಮೂಗಿನ ತುದಿಗೆ ಇಳಿದಿತ್ತು. "ಇನ್ನೊಂದು ಸಲ ಮಾಡ್ಲಾ ಮೇಡಂ?" ಎಂದರು.

"ಬೇಡ ಸರ್," ಎಂದು ಆಕೆ ಅವಸರದಿಂದ ಹೇಳಿ ನನ್ನ ಕಡೆ ನೋಡಿದರು. ನಾನು ಕಣ್ಣಲ್ಲೇ ಬೇಡಿಕೊಂಡೆ.

"ನಮ್ಮ ಪಾಲಿಂದು ಬೇರೆ ಯಾರಿಗಾದ್ರೂ ಕೊಡಿ ಮೇಡಂ, ಪಾಪ, ನಿಜವಾಗಿ ಕಷ್ಟ ಇರೋರಿಗೆ," ಎಂದರು ಇವರು, ದಾನಶೂರರ ಹಾಗೆ.

"ಅದು ಬೇರೆಯವರಿಗೆ ಹೋಗಲ್ಲ ಸರ್," ಎಂದರು ಆಕೆ. "ಸರ್ಕಾರ ವರ್ಷವರ್ಷ ನಮ್ಮ ಇಲಾಖೆಗೆ ಇಷ್ಟು ಅಂತ ಕೊಡುತ್ತೆ. ಖರ್ಚಾಗದೇ ಇದ್ದದ್ದು ವಾಪಸ್ ಖಜಾನೆಗೆ. ನಾನು ಹೋದ ಮನೇಲೆಲ್ಲ ಸೈನಿಕರು ಇದನ್ನೇ ಹೇಳ್ತಾರೆ, ನನಗೆ ಬೇಡ, ಬೇರೆಯವರಿಗೆ ಕೊಡಿ. ಆ ಬೇರೆಯವರ ಮನೆಗೆ ಹೋದ್ರೆ ಅವರೂ ಅದನ್ನೇ ಹೇಳ್ತಾರೆ. ಕೊನೆಗೆ ಮೇಲಿನವರು, ಓಹೋ, ಇವರಿಗೆ ಏನೂ ಬೇಕಿಲ್ಲ ಅಂತ ಮುಂದಿನ ವರ್ಷಕ್ಕೆ ಕಡಿಮೆ ಮಾಡ್ತಾರೆ. ನಿಜವಾಗಿ ಕಾಲಿಲ್ಲದೋರಿಗೆ ಆಗ ನಾನು ಎಲ್ಲಿಂದ ತರಲಿ?"

ಇವರು ಇಂಥ ಮುತ್ತಿಗೆಯನ್ನು ನಿರೀಕ್ಷಿಸಿರಲಿಲ್ಲ. ಒರೆಸುವ ಬಟ್ಟೆ ಹಿಡಿದಿದ್ದ ನನ್ನ ಕಡೆ ತಿರುಗಿದರು. "ಹಾಗಿದ್ರೆ ಇವಳ ಹೆಸರಿಗೆ ಹಾಕಿ. ಇವಳ ಅವಸ್ಥೆ ನೋಡಿ ಮೇಡಂ, ನಿಂತ್ಕೊಳ್ಳೋಕೂ ಆಗ್ತಿಲ್ಲ," ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ಬರೆದುಕೊಂಡಾಗಿತ್ತು. ಗೇಟಿನವರೆಗೂ ಹಿಂದೆಯೇ ಓಡಿದೆ. "ಮೇಡಂ, ತಪ್ಪಾಯ್ತು, ಬೀಳೋರು ಅವರು, ನಾನಲ್ಲ. ಸುಳ್ಳು ಹೇಳಿ ತಗೊಂಡ ಹಾಗಾಗುತ್ತೆ. ದೇವರು ಮೆಚ್ಚಲ್ಲ."

"ಅಮ್ಮಾ," ಎಂದು ಆಕೆ ನನ್ನ ಕೈಹಿಡಿದರು, "ಸೈನಿಕರಿಗೂ ಕೊಡ್ತೀವಿ, ಅವರ ಹೆಂಡತೀರಿಗೂ ಕೊಡ್ತೀವಿ. ಕಂಬಿ ಹಾಕಿಸೋದು ನಮ್ಮ ಕೆಲಸ. ಯಾರು ಹಿಡ್ಕೊಂಡ್ರು ಅಂತ ನೋಡೋಕೆ ನಾವು ಬಚ್ಚಲಿಗೆ ಬರಲ್ಲ."

ಹೀಗೆ ನಾನು ಸರ್ಕಾರಿ ರೋಗಿಯಾದೆ. ಇವರಿಗೆ ಇಲಾಖೆಯಿಂದ ಕರೆಬಂತು, ಮನೆಯಲ್ಲಿ ಅಶಕ್ತರನ್ನು ನೋಡಿಕೊಳ್ಳುವವರಿಗೆ ತರಬೇತಿಯಂತೆ. ಹೋಗಿಬಂದವರೇ ಹೊಸದಾಗಿ ಸೈನ್ಯಕ್ಕೆ ಸೇರಿದ ಹುಡುಗನಂತಾಗಿಬಿಟ್ಟರು. ನಾನು ಸೋಫಾದಿಂದ ಏಳಬೇಕೆಂದರೆ, "ತಾಳು, ಮೊದಲು ಮುಂದಕ್ಕೆ ಜರುಗು, ಪಾದ ಊರು, ಈಗ ಏಳು," ಎಂದು ಅಪ್ಪಣೆ. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಅಷ್ಟೆ, ಪಾದ ಊರಿಯೇ ಏಳಬೇಕು. ಬೀದಿಯಲ್ಲಿ ಸುದ್ದಿ ಹಬ್ಬಿತು. ಟೀಚರಮ್ಮ ಹಣ್ಣು ತಂದುಕೊಟ್ಟು, "ಮಿಲಿಟ್ರಿಯವರು ನಿಮ್ಮನ್ನ ಎಷ್ಟು ಚೆನ್ನಾಗಿ ನೋಡ್ಕೋತಾರೆ, ಪುಣ್ಯ ಮಾಡಿದ್ರಿ," ಎಂದು ಕಣ್ಣೊರೆಸಿಕೊಂಡು ಹೋದರು. ಇವರ ಮೊಣಕಾಲಿಗೆಂದು ಫೋನ್ ಮಾಡಿ ಎಂದವರೇ ಅವರು.

ಕಂಬಿ ಹಾಕುವವನು ಬಂದದ್ದು ನಾನು ಮಾರ್ಕೆಟ್ಟಿಗೆ ಹೋದಾಗ. ಮರುದಿನ ಬೆಳಿಗ್ಗೆ ಪೊರಕೆ ಹಿಡಿದು ಬಾಗಿಲ ಹೊರಗೆ ನಿಂತೆ. ಒಳಗೆ ಬಳೆ ತಾಗಿದಂತೆ ಟಿಣ್ ಎಂದು ಸದ್ದು. ಅವರ ಉಂಗುರ ಸ್ಟೀಲಿಗೆ ತಾಗಿದ್ದು. ಇನ್ನೊಮ್ಮೆ ಟಿಣ್. ಆಮೇಲೆ ನೀರು ಸುರಿದುಕೊಳ್ಳುವ ಸದ್ದು, ಅದರ ಜೊತೆ ಒಂದು ಹಾಡು. ಪೊರಕೆಯನ್ನು ಗೋಡೆಗೆ ಒರಗಿಸಿ ಅಡುಗೆಮನೆಗೆ ಹೋಗಿ ಕುಳಿತೆ. ಅಲ್ಲಿಂದಲೇ ದೇವರಿಗೆ ಕೈಮುಗಿದೆ.

ಕೆಲವು ವಾರಗಳ ಮೇಲೆ ಅಧಿಕಾರಿಣಿ ಕೆಲಸ ಸರಿಯಾಗಿದೆಯೇ ನೋಡಲು ಬಂದರು. "ಎಲ್ಲಿ, ಹಿಡ್ಕೊಂಡು ತೋರಿಸಿ ಅಮ್ಮಾ."

ಬಚ್ಚಲಿಗೆ ಹೋಗಿ ಮೊದಲ ಸಲ ಅದಕ್ಕೆ ಕೈ ಚಾಚಿದೆ. ಕಂಬಿ ನನ್ನ ತಲೆಗಿಂತ ಸ್ವಲ್ಪವೇ ಕೆಳಗಿತ್ತು. ಎರಡೂ ಕೈ ಮೇಲೆತ್ತಿ ಹಿಡಿದೆ. ಒಣಹಾಕಿದ ಬಟ್ಟೆಯ ಹಾಗೆ ಕಾಣುತ್ತಿದ್ದೆನೆಂದು ಆಮೇಲೆ ಇವರೇ ವರ್ಣಿಸಿದರು.

"ಇದು ಯಾರ ಅಳತೆಗೆ ಹಾಕಿದ್ದು ಸರ್?" ಎಂದು ಆಕೆ ಕನ್ನಡಕದ ಮೇಲಿನಿಂದ ನೋಡಿದರು.

ಇವರು ಬೂಟಿನ ತುದಿ ನೋಡಿದರು. "ನನ್ನ ಅಳತೆಗೆ ಮೇಡಂ," ಎಂದರು. ನಮ್ಮ ಮದುವೆಯಾದ ಮೇಲೆ ಅವರು ಇಷ್ಟು ಬೇಗ ಏನನ್ನೂ ಒಪ್ಪಿಕೊಂಡದ್ದಿಲ್ಲ. ಆಮೇಲೆ ದನಿ ತಗ್ಗಿಸಿ, "ಇನ್ನೊಂದು ಹಾಕಿಸಿಕೊಡಿ, ಇವಳ ಎತ್ತರಕ್ಕೆ. ಸೊಂಟ ನೋಯುತ್ತೆ ಇವಳಿಗೆ, ವರ್ಷದ ಮೇಲಾಯ್ತು. ಹೇಳಲ್ಲ. ರಾತ್ರಿ ಹೊರಳುವಾಗ ಹಲ್ಲು ಕಚ್ಚೋದು ನನಗೆ ಕೇಳುತ್ತೆ," ಎಂದರು.

"ಹೌದಾ ಅಮ್ಮಾ?"

"ನನಗೆಂಥ ನೋವು ಮೇಡಂ? ಇವರಿಗೆ ತರಬೇತಿ ಕೊಟ್ಟು ತಲೆಕೆಡಿಸಿದ್ದೀರಿ. ಕಲ್ಲುಗುಂಡಿನ ಹಾಗಿದ್ದೀನಿ, ನೋಡಿ ಬೇಕಾದ್ರೆ," ಎಂದು ನೆಲದ ಮೇಲಿದ್ದ ತುಂಬಿದ ಬಕೆಟ್ಟನ್ನು ಎತ್ತಲು ಬಗ್ಗಿದೆ.

ಬಗ್ಗಿದ್ದು ಸಲೀಸಾಗಿಯೇ ಆಯಿತು. ಏಳುವುದಕ್ಕೆ ಮಾತ್ರ ಸೊಂಟ ಒಪ್ಪಲಿಲ್ಲ. ಅಲ್ಲೇ ನಿಂತೆ, ಮೂಗು ಬಕೆಟ್ಟಿನ ನೀರಿನ ಹತ್ತಿರ. ನೀರಿನೊಳಗೆ ನನ್ನ ಮುಖ ಕೆಂಪಾಗಿ, ಕಿವಿ ಕೆಂಪಾಗಿ ನನ್ನನ್ನೇ ನೋಡುತ್ತಿತ್ತು. ಇವರು ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ತೋಳನ್ನು ನನ್ನ ಸುತ್ತ ಹಾಕಿದರು.

"ಪಾದ ಊರು, ಅವಸರ ಮಾಡಬೇಡ," ಎಂದು ನನಗೆ ಹೇಳಿ, ತಲೆಯೆತ್ತಿ ಅಧಿಕಾರಿಣಿಗೆ ಹೇಳಿದರು: "ಮೇಡಂ, ಅಳತೆ ಟೇಪ್ ತಂದಿದ್ರೆ ಈಗಲೇ ಹಿಡಿದುಬಿಡಿ. ಇವಳು ಇಷ್ಟು ಹೊತ್ತು ಒಂದೇ ಕಡೆ ನಿಲ್ಲೋದು ಮತ್ತೆ ಸಿಗಲ್ಲ."