ಎಣಿಸಲು ಮರೆತ ಕ್ಯಾಮೆರಾ

ತೊಂದರೆ ಶುರುವಾದದ್ದು ಅಮ್ಮನ ರೆಪ್ಪೆಯಿಂದ. ಕ್ಯಾಮೆರಾ ಕ್ಲಿಕ್ ಎನ್ನುವುದಕ್ಕೂ ಅಮ್ಮ ಕಣ್ಣು ಮುಚ್ಚುವುದಕ್ಕೂ ಅದೇನು ನಂಟೋ, ನಲವತ್ತು ವರ್ಷದ ಆಲ್ಬಮ್ಮುಗಳಲ್ಲೆಲ್ಲ ಅಮ್ಮ ತೂಕಡಿಸುತ್ತಲೇ ಕೂತಿದ್ದಾಳೆ. ಮಗನಂತೂ ಒಂದರಲ್ಲೂ ಇಲ್ಲ. ಮನೆಯ ಮಕ್ಕಳೆಲ್ಲ 'ಫೋಟೋಮಾವ' ಎಂದು ಕರೆಯುವ ಅವನು ಯಾವಾಗಲೂ ಕ್ಯಾಮೆರಾದ ಹಿಂದೆ.

"ಸಂಜೆ ರೈಲಿಗೆ ಹೊರಟೆ. ಮತ್ತೆ ಬರೋದು ಯಾವ ಕಾಲಕ್ಕೋ," ಎಂದಳು ಅಕ್ಕ. "ಅಮ್ಮ ಕಣ್ಣು ಬಿಟ್ಟಿರೋ, ನೀನೂ ಇರೋ ಒಂದೇ ಒಂದು ಫೋಟೋ ಬೇಕು ಕಣೋ."

ಫೋಟೋಮಾವ ಟೊಂಕ ಕಟ್ಟಿದ. ಕ್ಯಾಮೆರಾಕ್ಕೆ ಲ್ಯಾಪ್‌ಟಾಪಿನ ಕೇಬಲ್ ಸಿಕ್ಕಿಸಿ, ಬೆಳಗಿನಿಂದ ಕೂತು ಪ್ರೋಗ್ರಾಂ ಬರೆದ. ಒಂದು ಕೀಲಿ ಒತ್ತಿ ಓಡಿಬಂದು ಕೂತರೆ ಸಾಕು, ಹತ್ತು ಸೆಕೆಂಡು ಬಿಟ್ಟು ಕ್ಯಾಮೆರಾ ತಾನೇ ಸೆಕೆಂಡಿಗೆ ಎಂಟರಂತೆ ಅರವತ್ತು ಫೋಟೋ ತೆಗೆಯಬೇಕು. ಅರವತ್ತರಲ್ಲಿ ಒಂದಕ್ಕಾದರೂ ಅಮ್ಮ ಕಣ್ಣು ಬಿಡಳೇ? ಬೋಳುನೆತ್ತಿಯ ಮೇಲೆ ಉಳಿದ ನಾಲ್ಕು ಕೂದಲನ್ನು ಎಡದಿಂದ ಬಲಕ್ಕೆ ಜೋಪಾನವಾಗಿ ಮಲಗಿಸಿಯೂ ಆಯಿತು.

ಇಂಥದ್ದರ ವಾಸನೆ ಹಿಡಿದು ಬರುವ ಪಕ್ಕದ ಮನೆಯ ಲೆಕ್ಕದ ಮೇಷ್ಟ್ರು ಬಾಗಿಲಲ್ಲಿದ್ದರು. "ಇಷ್ಟಕ್ಕೆ ಕಂಪ್ಯೂಟರ್ ಯಾಕಯ್ಯಾ? ನಾನೇ ಒಂದು ಒತ್ತು ಒತ್ತೀನಿ."

"ಬೇಡ ಸಾರ್. ಹೋದ ಸಲ ನಿಮ್ಮ ಹೆಬ್ಬೆರಳೊಂದೇ ಬಂದಿದ್ದು."

ಕೀಲಿ ಒತ್ತಿದ, ಓಡಿದ, ಅಮ್ಮನ ಪಕ್ಕ ಕೂತ. ಕ್ಯಾಮೆರಾ ಹೊಲಿಗೆಯಂತ್ರದಂತೆ ಕಟಕಟ ಶುರುಮಾಡಿತು. ಅರವತ್ತಾಯಿತು, ನೂರಾಯಿತು, ನಿಲ್ಲಲೇ ಇಲ್ಲ.

"ಕೆನ್ನೆ ನೋಯ್ತಿದೆ, ನಗು ಇಳಿಸ್ಲಾ?" ಅಕ್ಕ ಹಲ್ಲು ಬಿಟ್ಟುಕೊಂಡೇ ಕೇಳಿದಳು.

"ಇಳಿಸ್ಬೇಡ! ಅರವತ್ತಕ್ಕೆ ನಿಲ್ಲು ಅಂತ ಬರ್ದಿದೀನಿ!"

ಮೇಷ್ಟ್ರು ಕನ್ನಡಕ ಏರಿಸಿ ಲ್ಯಾಪ್‌ಟಾಪಿಗೆ ಬಗ್ಗಿದರು. "ನಿಲ್ಲು ಅಂತೇನೋ ಇದೆ. ಎಣಿಸು ಅಂತ ಎಲ್ಲಯ್ಯಾ? ಎಣಿಸೋದನ್ನೇ ಕಲಿಸದೆ ಅರವತ್ತಕ್ಕೆ ನಿಲ್ಲು ಅಂದ್ರೆ ಪಾಪ, ಅದೇನು ಮಾಡ್ಬೇಕು?"

ಫೋಟೋಮಾವ ಎದ್ದು ಓಡಿದ. ಜಮಖಾನೆ ಜಾರಿತು. ಕ್ಯಾಮೆರಾದ ಎದುರೇ ಮೂಟೆಯಂತೆ ದೊಪ್ಪನೆ ಬಿದ್ದ. ಅವನು ತೆವಳಿ ಹೋಗಿ ಕೇಬಲ್ ಕಿತ್ತ ಮೇಲಷ್ಟೇ ಅದು ಸುಮ್ಮನಾಯಿತು.

ಒಟ್ಟು ನಾನೂರ ಹನ್ನೆರಡು ಫೋಟೋ. ನಾನೂರ ಹನ್ನೊಂದರಲ್ಲಿ ಅಮ್ಮ ಎಂದಿನಂತೆ ತೂಕಡಿಸಿದ್ದಳು. ಮಗ ಬಿದ್ದ ಕ್ಷಣದ ಒಂದರಲ್ಲಿ ಮಾತ್ರ ಕಣ್ಣರಳಿಸಿ, ಬಾಯ್ತುಂಬ ನಗುತ್ತಿದ್ದಳು. ಅಕ್ಕನೂ ಮಕ್ಕಳೂ ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಕೆಳಗಿನ ಅಂಚಿನಲ್ಲಿ ಅರ್ಧಚಂದ್ರನಂತೆ ಏನೋ ಮಿನುಗುತ್ತಿತ್ತು. ನಾಲ್ಕು ಕೂದಲು ಎತ್ತಲೋ ಹಾರಿದ್ದವು.

"ಇದೇ ಇರ್ಲಿ. ನೀನೂ ಇದೀಯಲ್ಲ!" ಎಂದಳು ಅಕ್ಕ.

"ಇದು ನಾನು ಅಂತ ಯಾರಿಗೆ ಗೊತ್ತಾಗುತ್ತೆ? ಇನ್ನೊಂದು ಸಲ ತೆಗೆಯೋಣ," ಎನ್ನುವಷ್ಟರಲ್ಲಿ ಅಕ್ಕನ ಟ್ಯಾಕ್ಸಿ ಬಂದೇಬಿಟ್ಟಿತು.

ಅಮ್ಮ ಫೋಟೋದ ಅಂಚನ್ನು ಬೆರಳಿನಿಂದ ಸವರಿದಳು. "ನಂಗೆ ಗೊತ್ತಾಗಲ್ವೇನೋ? ಈ ನೆತ್ತಿಗೆ ಎಣ್ಣೆ ತಟ್ಟಿದೋಳು ನಾನು."

ಈಗ ಅದು ದೊಡ್ಡದಾಗಿ ಚೌಕಟ್ಟು ಹಾಕಿಸಿಕೊಂಡು ನಡುಮನೆಯ ಗೋಡೆಯ ಮೇಲಿದೆ. ಬಂದವರೆಲ್ಲ ಅಮ್ಮನ ಕಣ್ಣನ್ನು ಹೊಗಳುತ್ತಾರೆ. ಆಮೇಲೆ ತಪ್ಪದೆ ಕೇಳುತ್ತಾರೆ:

"ಮಗ ಎಲ್ಲಿ? ಈ ಸಲಾನೂ ಅವನೇ ತೆಗೆದದ್ದಾ? ಅದ್ಸರಿ, ಮುಂದೆ ಕುಂಬಳಕಾಯಿ ಯಾಕಿಟ್ಟಿದೀರಿ?"