ಗಂಜಿ ಹಾಕಿದ ಡೈಪರ್

ಮಗು ಇರುವ ಮನೆಯಲ್ಲಿ ಎರಡು ಸಂಗತಿಗಳಿಗೆ ಕೊನೆಯೇ ಇಲ್ಲ. ಒಂದು ಒದ್ದೆ, ಇನ್ನೊಂದು ಆ ಒದ್ದೆಯ ಸುತ್ತ ನಡೆಯುವ ಅವಾಂತರ. ನಮ್ಮ ಮನೆಯಲ್ಲಿ ಮಗುವಿನ ಜೊತೆಗೆ ಮಗ್ಗವೂ ಇರುವುದರಿಂದ ಅವಾಂತರ ಒಂದು ಮೊಳ ಹೆಚ್ಚು.

ಸೇಲಂ ಹತ್ತಿರದ ಎಡಪ್ಪಾಡಿಯ ನೇಕಾರರ ಬೀದಿಯಲ್ಲಿ ನಮ್ಮ ಮನೆ. ಮುಂದಿನ ಕೋಣೆ ಪೂರ್ತಿ ಮಗ್ಗದ್ದು, ಮಿಕ್ಕ ಜಾಗ ನಮ್ಮದು. ಮಾವ ನೇಯುತ್ತಾರೆ. ಅತ್ತೆ ಪಕ್ಕದಲ್ಲೇ ಕೂತು ರಾಟೆಯಲ್ಲಿ ನೂಲು ಸುತ್ತಿ ಕೊಡುತ್ತಾರೆ. ಆ ಟಕ್ ಟಕ್ ಸದ್ದಿನಲ್ಲೇ ನನ್ನ ಆರು ತಿಂಗಳ ಮಗಳು ಮಲಗುತ್ತಾಳೆ, ಸದ್ದು ನಿಂತರೆ ಎಚ್ಚರವಾಗುತ್ತಾಳೆ. ಮಧ್ಯಾಹ್ನ ಹೆಂಚಿನ ಸಂದಿಯಿಂದ ಒಂದು ಬಿಸಿಲ ಕೋಲು ಇಳಿದು ರೇಷ್ಮೆಯ ಮೇಲೆ ಬಿದ್ದಾಗ ಇಡೀ ಕೋಣೆ ಅರಿಶಿನದ ಬಣ್ಣಕ್ಕೆ ತಿರುಗುತ್ತದೆ. ಮಗಳು ನಿದ್ದೆಯಲ್ಲಿ ಯಾರನ್ನೋ ನೋಡಿ ನಗುತ್ತಾಳೆ. ನಾನು ಗೋಡೆಗೆ ಒರಗಿ ಅದನ್ನೇ ನೋಡುತ್ತಾ ಅನ್ನ ಸೀಯಿಸುತ್ತೇನೆ.

ನನ್ನ ಯಜಮಾನರಿಗೆ ಒದ್ದೆ ಬಟ್ಟೆಯ ಮಾತು ಬಂದಾಗಲೆಲ್ಲ ಹೊರಗೆ ಏನಾದರೂ ಕೆಲಸ ಬಂದುಬಿಡುತ್ತದೆ. ಆದ್ದರಿಂದ ಈ ಬರಹದಲ್ಲೂ ಅವರಿಲ್ಲ.

ನಾನು ಒಂದು ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಟೀಚರ್. ನನ್ನ ದನಿ ಎಷ್ಟು ಸಣ್ಣದೆಂದರೆ, "ಮಿಸ್, ವಾಲ್ಯೂಮ್" ಎಂದು ಮಕ್ಕಳೇ ನೆನಪಿಸುತ್ತಾರೆ. ಹೆರಿಗೆ ರಜೆ ಮುಗಿಯಲು ಮೂರು ವಾರ ಉಳಿದಿತ್ತು. ಪ್ಯಾಕೆಟ್ ಡೈಪರ್ ಹಾಕಿದರೆ ಮಗಳ ತೊಡೆಯೆಲ್ಲ ಕೆಂಪಾಗುತ್ತಿತ್ತು. ಮಾವನ ಹಳೆ ಪಂಚೆ ಹರಿದು ಅತ್ತೆ ಲಂಗೋಟಿ ಕಟ್ಟಿದರೆ ಹತ್ತು ನಿಮಿಷಕ್ಕೊಮ್ಮೆ ಎಲ್ಲ ನೆನೆದುಹೋಗುತ್ತಿತ್ತು. ಮಗ್ಗದ ಮೇಲಿದ್ದದ್ದು ಯಾರದೋ ಮುಹೂರ್ತದ ಸೀರೆ. ಅದರ ಮೇಲೆ ಒಂದು ಹನಿ ಬಿದ್ದರೂ ಕಲೆ. ಹಾಗಾಗಿ ನಾನು ಶಾಲೆಗೆ ಹೋದ ಮೇಲೆ ಮಗುವನ್ನು ಮಗ್ಗದ ಪಕ್ಕ ಇಟ್ಟುಕೊಳ್ಳಲು ಅತ್ತೆಗೆ ಧೈರ್ಯವಿರಲಿಲ್ಲ.

ಮದುವೆಯಾಗಿ ಎರಡು ವರ್ಷದಲ್ಲಿ ಮೊದಲ ಸಲ ನಾನು ಆ ಮನೆಯಲ್ಲಿ ಬಾಯಿಬಿಟ್ಟು ಒಂದು ಮಾತು ಕೇಳಿದೆ. ಒಗೆದು ಒಗೆದು ಮತ್ತೆ ಹಾಕುವ ಬಟ್ಟೆ ಡೈಪರ್ ಬರುತ್ತದಂತೆ, ತರಿಸಲಾ, ಎಂದು.

ಅತ್ತೆ ರಾಟೆ ನಿಲ್ಲಿಸಿದರು. "ತರಿಸು ಅಮ್ಮಣಿ. ಮೂರು ವಾರ ನೋಡಾನ. ಮಗ್ಗದತ್ರ ಒಂದು ತೊಟ್ಟು ಬಿದ್ರೂ ನಿನ್ ಕೆಲ್ಸಕ್ಕೆ ಒಂದೊರ್ಸ ಲೀವು."

ನಾನು ತಲೆಯಾಡಿಸಿದೆ. ಹೀಗೆ ನನ್ನ ಕೆಲಸ ಆರು ಡೈಪರ್‌ಗಳ ಕೈಗೆ ಹೋಯಿತು.

ಪರೀಕ್ಷೆ

ಪಾರ್ಸೆಲ್ ಬಂತು. ಆರು ಡೈಪರ್, ಹೊರಗೆ ಮೋಡ, ನಕ್ಷತ್ರ, ಅರ್ಧ ಚಂದ್ರನ ಚಿತ್ರ, ಹೊಟ್ಟೆಯ ಮೇಲೆ ಎರಡು ಸಾಲು ಟಿಚ್ ಗುಂಡಿ. ಒಳಗೆ ತುರುಕಲು ಆರು ಕಪ್ಪು ಪಟ್ಟಿ. ನೀರು ಹೀರುವುದು ಆ ಪಟ್ಟಿಯೇ. ನೆಲದ ಮೇಲೆ ಸಾಲಾಗಿ ಹರಡಿದರೆ ಒಂದು ಪುಟ್ಟ ಆಕಾಶ ಬಿದ್ದುಕೊಂಡ ಹಾಗಿತ್ತು. ನಾನು ಸುಮ್ಮನೆ ನೋಡುತ್ತಾ ಕೂತೆ.

ಮಾವ ಮಗ್ಗದ ಗುಂಡಿಯಿಂದ ಎದ್ದು ಬಂದರು. ನಲವತ್ತು ವರ್ಷ ನೇಯ್ದವರ ಮುಂದೆ ಬಟ್ಟೆ ಇಟ್ಟರೆ ಅವರು ಚಂದ್ರನನ್ನು ನೋಡುವುದಿಲ್ಲ. ಒಂದು ಪಟ್ಟಿ ತೆಗೆದು ಬೆಳಕಿಗೆ ಹಿಡಿದರು, ಉಗುರಲ್ಲಿ ಕೆರೆದರು, ಅಂಚಿನಿಂದ ಒಂದು ಎಳೆ ಕಿತ್ತರು.

"ನೇಯ್ದಿಲ್ಲ ಇದ್ನ. ಏನು ನೂಲು?"

"ಬಿದಿರು ಮಾವ," ಎಂದೆ.

"ಯಾವುದು?"

"ಬಿದಿರಿನ ನಾರು. ಲೇಬಲ್‌ನಲ್ಲಿ ಹಾಗಿದೆ."

ಮಾವ ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು. ಆಮೇಲೆ ನಮ್ಮ ಬೀದಿಯಲ್ಲಿ ಯಾವ ನೂಲಿನ ಮೇಲೆ ಅನುಮಾನ ಬಂದರೂ ಮಾಡುವುದನ್ನೇ ಮಾಡಿದರು. ಬೆಂಕಿಕಡ್ಡಿ ಗೀರಿ ಎಳೆ ಸುಟ್ಟು ಮೂಸಿದರು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಹತ್ತಿಯಾದರೆ ಕಾಗದದ್ದು. ಇದಕ್ಕೆ ಎರಡೂ ಇರಲಿಲ್ಲ. ಸಮಾಧಾನವಾಗದೆ ಪಟ್ಟಿಯ ಒಂದು ಮೂಲೆಯನ್ನೇ ಕತ್ತರಿಸಿ ಸುಟ್ಟರು. ಆಮೇಲೆ ಹೊರಗಿನ ಬಟ್ಟೆ ಹೇಗೆ ನೋಡೋಣ ಎಂದು ಚಂದ್ರನ ಕಡೆ ಕೈ ಚಾಚಿದರು. ನಾನು ಡೈಪರ್, ಪಟ್ಟಿ ಎಲ್ಲವನ್ನೂ ಬಾಚಿಕೊಂಡು ಅಡುಗೆಮನೆಗೆ ನಡೆದೆ.

ಹಿಂದಿನಿಂದ ಮಾವನ ತೀರ್ಪು ಕೇಳಿಸಿತು. "ಬಿದಿರಲ್ಲಿ ಬುಟ್ಟಿ ಎಣೀತಾರೆ. ನಮ್ಮನೆ ಕೂಸು ಬುಟ್ಟಿ ಉಟ್ಕಂಡು ಕೂರ್ತದೆ, ಓಗಲಿ ಬಿಡು."

ಗಂಜಿ

ಹೊಸ ಡೈಪರನ್ನು ನಾಲ್ಕೈದು ಸಲ ಒಗೆದ ಮೇಲೆಯೇ ಅದು ಚೆನ್ನಾಗಿ ನೀರು ಹೀರುವುದು ಎಂದು ಅದರ ಜೊತೆ ಬಂದ ಚೀಟಿಯಲ್ಲಿತ್ತು. ನಾನು ಎರಡು ದಿನ ಒಗೆದೆ. ಮೂರನೇ ದಿನ ಮಗಳ ಜೊತೆ ನನಗೂ ನಿದ್ದೆ ಹತ್ತಿತು. ಎದ್ದು ನೋಡಿದರೆ ಅತ್ತೆ ಎಲ್ಲವನ್ನೂ ಒಗೆದು ಒಣಗಿಸಿಯೂ ಆಗಿತ್ತು. ನನಗೆ ಕಣ್ಣು ತುಂಬಿ ಬಂತು. ಇವರಿಗೆ ನನ್ನ ಡೈಪರ್ ಮೇಲೆ ಪ್ರೀತಿ ಬಂದಿದೆ ಅಂದುಕೊಂಡೆ.

ಬಂದದ್ದು ನಿಜವೇ. ಕೈಗೆತ್ತಿಕೊಂಡಾಗ ಡೈಪರ್ ಕೈಯಲ್ಲಿ ನೆಟ್ಟಗೆ ನಿಂತಿತು. ಪಟ್ಟಿಯನ್ನು ಗೋಡೆಗೆ ತಟ್ಟಿದರೆ ಹಲಗೆಯ ಸದ್ದು.

"ಅತ್ತೆ, ಇದಕ್ಕೇನು ಹಾಕಿದ್ರಿ?"

"ಏನು ಆಕ್ತಾರೆ? ಗಂಜಿ," ಎಂದರು ಅತ್ತೆ. "ಒಳ್ಳೆ ಪುಳುಂಗಲ್ ಕುಚ್ಚಲಕ್ಕಿ ಗಂಜಿ, ಗಟ್ಟಿಯಾಗಿ. ಜೋಲು ಬಿದ್ದಿತ್ತು ಪಾಪ, ನೋಡಕ್ಕಾಗ್ಲಿಲ್ಲ."

ನಮ್ಮ ಮನೆಯಲ್ಲಿ ನೂಲಿಗೆ ಗಂಜಿ, ಸೀರೆಗೆ ಗಂಜಿ, ಮಾವನ ಟವೆಲ್ಲಿಗೆ ಗಂಜಿ, ಕ್ಯಾಲೆಂಡರಿನ ಹಿಂದೆ ಗೋಡೆಗೂ ಅಂಟಿಸಲು ಗಂಜಿ. ಗಂಜಿ ಕಾಣದ ಬಟ್ಟೆ ಅತ್ತೆಯ ಕಣ್ಣಿಗೆ ಸ್ನಾನ ಮಾಡದ ಮನುಷ್ಯನ ಹಾಗೆ. ಇದನ್ನು ತಪ್ಪೆಂದು ಹೇಳುವುದು ಹೇಗೆ ಎಂದು ನಾನು ಪದ ಹುಡುಕುತ್ತಿರುವಾಗಲೇ ಅವರು ಮಗುವಿಗೆ ಅದನ್ನು ತೊಡಿಸಿಬಿಟ್ಟಿದ್ದರು.

ಮಗಳು ಕಾಲು ಮಡಚಲಾಗದೆ, ಎರಡೂ ಕಾಲು ಅಗಲಿಸಿ, ಚೆಕ್‌ಪೋಸ್ಟಿನ ಪೊಲೀಸಿನವರ ಹಾಗೆ ಅತ್ತೆಯ ಮಡಿಲಲ್ಲಿ ಕೂತಳು. ಅತ್ತೆ ಹೆಮ್ಮೆಯಿಂದ ರಾಟೆ ತಿರುಗಿಸಿದರು. ಸ್ವಲ್ಪ ಹೊತ್ತಿಗೆ ಮಗಳು ಕಣ್ಣು ದೂರ ನೆಟ್ಟು, ಬೇರೆ ಯಾವುದೋ ಊರಿನಲ್ಲಿರುವವಳ ಹಾಗೆ ಸುಮ್ಮನಾದಳು. ಆ ಮುಖ ನನಗೆ ಗೊತ್ತು. ಗಂಜಿ ಕುಡಿದು ಹೊಟ್ಟೆ ತುಂಬಿದ ಪಟ್ಟಿ ಒಂದು ಹನಿಯನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಕೆಸುವಿನೆಲೆಯ ಮೇಲಿಂದ ಜಾರುವ ಹಾಗೆ ಎಲ್ಲ ಜಾರಿ ಅತ್ತೆಯ ಸೀರೆ ತೊಯ್ದು ನೆಲಕ್ಕಿಳಿದು, ಮಗ್ಗದ ಕಡೆ ನಿಧಾನವಾಗಿ ಹೊರಟಿತು.

ಒಂದು ವರ್ಷದ ರಜೆ ಹರಿದು ಹೋಗುತ್ತಿರುವುದು ಕಣ್ಣಾರೆ ಕಾಣುತ್ತಿತ್ತು. ಅತ್ತೆ ಮೇಲೆದ್ದು, ಕಾಲಲ್ಲೇ ಒಂದು ಚಿಂದಿ ಎಳೆದು ಅದನ್ನು ತಡೆದರು. ಆಮೇಲೆ ಮಗುವನ್ನು ನನ್ನ ಕೈಗೆ ಕೊಟ್ಟು, ಬಗ್ಗಿ, ಮಗ್ಗದ ಕಾಲಿನಿಂದ ಆ ಒದ್ದೆಯವರೆಗೆ ಮೊಳ ಹಾಕಿದರು.

"ಎರಡು ಮೊಳ ದೂರ ಐತೆ," ಎಂದರು. "ಇದು ಕೂಸಿನ ತಪ್ಪಲ್ಲ, ನಿನ್ ತಪ್ಪೂ ಅಲ್ಲ. ಅಕ್ಕಿ ಸರಿಯಿಲ್ಲ."

ಮರಿ

ನಡುವೆ ಎರಡು ದಿನಕ್ಕೆ ಮಗುವನ್ನು ಕರೆದುಕೊಂಡು ಅಮ್ಮನ ಊರಿಗೆ ಹೋದೆ. ಅದು ಪೆನ್ನಾಗರಂ ಆಚೆ, ಬಸ್ಸಿನಿಂದ ಇಳಿದು ಬಹಳ ನಡೆಯಬೇಕು. ಅಮ್ಮ ಕುರಿ ಸಾಕುತ್ತಾಳೆ. ಅಲ್ಲಿ ಮಧ್ಯಾಹ್ನಕ್ಕೆ ಸದ್ದೇ ಇರುವುದಿಲ್ಲ. ಹುಣಸೆ ಮರದ ನೆರಳು ಮನೆಯ ಮೇಲೆ ಬಂದು ಕೂರುತ್ತದೆ, ದೂರದ ಗುಡ್ಡ ಬಿಸಿಲಿನಲ್ಲಿ ಅಲುಗಾಡುವ ಹಾಗೆ ಕಾಣುತ್ತದೆ.

ಆಗ ತಾಯಿ ಸತ್ತ ಒಂದು ಮರಿಯನ್ನು ಅಮ್ಮ ಮನೆಯೊಳಗೇ ಇಟ್ಟುಕೊಂಡು ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಗಂಜಿ ಬಿಡಿಸಿ, ಚೆನ್ನಾಗಿ ಒಗೆದು ತಂದಿದ್ದ ನನ್ನ ಡೈಪರುಗಳನ್ನು ತಿರುಗಿಸಿ ಮುರುಗಿಸಿ ನೋಡಿದಳು. ನಾನು ಮಗುವಿನ ಪಕ್ಕ ಒರಗಿದೆ.

ಎಚ್ಚರವಾದಾಗ ಹಗ್ಗದ ಮೇಲೆ ಒಣಗಲು ಹಾಕಿದ್ದ ಮೂರರಲ್ಲಿ ಎರಡೇ ಇದ್ದವು. ಗಾಳಿಗೆ ಹಾರಿತೇ ಎಂದು ಬೇಲಿಯವರೆಗೆ ಹುಡುಕಿದೆ. ಒಳಗೆ ಬಂದರೆ, ಮಗಳ ಪಕ್ಕದಲ್ಲಿ, ಅದೇ ಚಾಪೆಯ ಮೇಲೆ, ಮರಿ ಮಲಗಿತ್ತು. ಬೆನ್ನ ಹಿಂದೆ ಅರ್ಧ ಚಂದ್ರ, ಸುತ್ತ ನಕ್ಷತ್ರ. ಇಬ್ಬರೂ ನಿದ್ದೆಯಲ್ಲಿ ಬಾಯಿ ಚಪ್ಪರಿಸುತ್ತಿದ್ದರು, ಇಬ್ಬರೂ ಒಂದೇ ಕನಸಿನಲ್ಲಿ ಹಾಲು ಕುಡಿಯುತ್ತಿರುವ ಹಾಗೆ. ಎಬ್ಬಿಸಲು ಮನಸ್ಸಾಗದೆ ನಾನು ಬಹಳ ಹೊತ್ತು ನಿಂತೇ ಇದ್ದೆ.

"ಅಮ್ಮಾ, ಅದು ಮಗುವಿಂದು," ಎಂದೆ ಕೊನೆಗೆ.

"ಇದೂ ಮಗುನೇ ಕಣೇ," ಎಂದಳು ಅಮ್ಮ. "ಬೆಳಗ್ಗಿಂದ ಮೂರು ಸಲ ನೆಲ ಒರೆಸಿದ್ದೆ. ಈಗ ನೋಡು, ಒಂದು ತೊಟ್ಟು ಇಲ್ಲ. ನಿಮ್ಮತ್ತೆಗೆ ಏಳು, ಧೈರ್ಯವಾಗಿ ಕೂಸನ್ನ ಮಡಗಿಕೊಳ್ಳಲಿ ಅಂತ."

"ಮರಿಗೆ ಹಾಕಿ ನೋಡಿದ್ವಿ ಅಂತ ಹೇಳ್ಲಾ?"

ಅಮ್ಮ ಯೋಚಿಸಿದಳು. "ಅದು ಬ್ಯಾಡ. ಆದ್ರೆ ಇದನ್ನ ಮಾಡಿದೋರು ಸಿಕ್ರೆ ಒಂದು ಮಾತು ಏಳು. ಬಾಲಕ್ಕೆ ತೂತು ಬಿಟ್ಟಿಲ್ಲ."

ಮೊದಲಾಳಿಯ ಮಡಿಲು

ಮೂರು ವಾರ ಮುಗಿಯಲು ಎರಡೇ ದಿನ ಉಳಿದಿತ್ತು. ಮಗ್ಗದ ಹತ್ತಿರ ಒಂದು ತೊಟ್ಟೂ ಬಿದ್ದಿರಲಿಲ್ಲ. ಆದರೂ ಅತ್ತೆ ಶಾಲೆಗೆ ಹೋಗು ಎಂದಿರಲಿಲ್ಲ, ನನಗೆ ಕೇಳಲು ಬಾಯಿ ಬರುತ್ತಿರಲಿಲ್ಲ.

ಆ ಬೆಳಿಗ್ಗೆ ಮುನ್ಸೂಚನೆಯಿಲ್ಲದೆ ಮೊದಲಾಳಿ ಬಂದರು. ರೇಷ್ಮೆ ಕೊಟ್ಟು ಸೀರೆ ನೇಯಿಸಿಕೊಳ್ಳುವವರು ಅವರು. ಎಪ್ಪತ್ತು ದಾಟಿದ, ಬಹಳ ಮರ್ಯಾದಸ್ಥ ಮನುಷ್ಯ. ಅವರ ಬಿಳಿ ಪಂಚೆಯ ಮಡಿಕೆಯಲ್ಲಿ ಬೆರಳು ಕುಯ್ದುಕೊಳ್ಳಬಹುದು. ಮಾವ ಸೆರಗಿನ ಕೊನೆಯಲ್ಲಿದ್ದರು, ನಡುವೆ ಏಳುವ ಹಾಗಿರಲಿಲ್ಲ. "ಮುಗಿಸಪ್ಪಾ, ಅವಸರ ಇಲ್ಲೆ, ನಾನು ಗಾಳಿಗೆ ಕೂತಿರ್ತೀನಿ," ಎಂದರು ಮೊದಲಾಳಿ. ಅತ್ತೆ ಓಡಿಹೋಗಿ ಜಗಲಿಯ ಮೇಲೆ ಚಾಪೆ ಹಾಸಿದರು. ಅವರು ಕೂತರು, ಸುತ್ತ ನೋಡಿದರು, ನನ್ನ ಕಂಕುಳಲ್ಲಿದ್ದ ಮಗಳನ್ನು ಕಂಡು ಎರಡೂ ಕೈ ಚಾಚಿದರು.

"ಬಾಮ್ಮಾ ತಂಗಂ, ನನ್ ಚಿನ್ನ. ತಾತನತ್ರ ಬಾ."

ಮಗಳು ನಗುತ್ತಾ ಹೋಗಿ ಆ ಪಂಚೆಯ ಮೇಲೆ ಕೂತಳು.

ಮಗ್ಗದ ಹತ್ತಿರ ಒಂದು ತೊಟ್ಟು ಎಂದಿದ್ದರು ಅತ್ತೆ. ಮೊದಲಾಳಿಯ ಮಡಿಲು ಮಗ್ಗಕ್ಕಿಂತಲೂ ದೊಡ್ಡದು. ನಾವಿಬ್ಬರೂ ಬಾಗಿಲಲ್ಲಿ ನಿಂತೆವು. ಅವರು ಮಗುವಿಗೆ ಸೇಲಂ ಮಾರ್ಕೆಟ್ಟಿನ ವಿಷಯ, ಜರಿಯ ವಿಷಯ, ತಮ್ಮ ಮೊಣಕಾಲಿನ ವಿಷಯ ಎಲ್ಲ ಹೇಳಿದರು. ಅರ್ಧ ಗಂಟೆಯಾಯಿತು. ಆಗ ಮಗಳು ಮಾತು ಕೇಳುವುದು ಬಿಟ್ಟು, ಎದುರುಮನೆಯ ಮಾಡಿನಾಚೆ ಎಲ್ಲೋ ಕಣ್ಣು ನೆಟ್ಟಳು.

"ಅಮ್ಮಣಿ, ಮಕ ನೋಡು," ಎಂದು ಅತ್ತೆ ಪಿಸುಗುಟ್ಟಿದರು.

"ನೋಡ್ದೆ ಅತ್ತೆ."

"ಓಗಿ ಈಸ್ಕೋ."

"ಏನಂತ ಕೇಳ್ಲಿ?"

ಕೇಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗಳು ಪರಮ ಶಾಂತಿಯಿಂದ ನಿಟ್ಟುಸಿರು ಬಿಟ್ಟಳು. ಒಳಗಿಂದ ಮಾವ, ಆಯ್ತು ಬನ್ನಿ ಎಂದರು. ಮೊದಲಾಳಿ ಮಗುವನ್ನು ಅತ್ತೆಯ ಕೈಗಿಟ್ಟು, ಮೊಣಕಾಲು ಹಿಡಿದು ಎದ್ದು, ಬಾಗಿಲ ಕಡೆ ತಿರುಗಿದರು. ಪಂಚೆಯ ಹಿಂಭಾಗದಲ್ಲಿ ಒಂದು ತಟ್ಟೆಯಷ್ಟು ಅಗಲ ಒದ್ದೆಯಾಗಿತ್ತು.

ನನ್ನ ಕಣ್ಣ ಮುಂದೆ ಎಲ್‌ಕೆಜಿಯ ಪುಟ್ಟ ಕುರ್ಚಿಗಳು ಒಂದೊಂದೇ ತೇಲಿಹೋದವು. ಅತ್ತೆ ಮಾತ್ರ ನೇಕಾರರ ಮನೆಯವರು. ಮಗುವಿನ ಕೆಳಗೆ ಕೈಹಾಕಿ ನೋಡಿದರು, ಒಣ. ಸುತ್ತು ಬಂದು ಪಂಚೆಯ ಮುಂಭಾಗ ನೋಡಿದರು, ಮಡಿಕೆ ಹಾಗೇ ನಿಂತಿತ್ತು. ಅವರ ಮುಖ ಅರಳಿತು. ಆ ಸಂತೋಷದಲ್ಲಿ, ಎದುರುಮನೆಗೂ ಕೇಳುವ ಹಾಗೆ, ನಿಧಾನವಾಗಿ ಹೇಳಿದರು:

"ಅಮ್ಮಣಿ, ಇದು ನಮ್ ಕೂಸಿಂದಲ್ಲ."

ಮೊದಲಾಳಿ ನಿಂತರು. ಕೈ ಹಿಂದೆ ಹೋಯಿತು. ಅಲ್ಲೇ ಉಳಿಯಿತು. ಅವರು ಯಾವುದೋ ಲೆಕ್ಕ ಹಾಕುತ್ತಿರುವವರ ಹಾಗೆ ಸ್ವಲ್ಪ ಹೊತ್ತು ನೆಲ ನೋಡಿದರು. ಆಮೇಲೆ, "ವೆಯಿಲು ಜಾಸ್ತಿ," ಎಂದು ಇನ್ನೊಂದು ಕೈಯಲ್ಲಿ ಬಿಸಿಲು ತೋರಿಸಿದರು. "ಸೀರೆ ಇನ್ನೊಂದು ದಿನ ನೋಡಾನ." ಗರ್ಭಗುಡಿಗೆ ಬೆನ್ನು ತೋರಿಸದೆ ಹೊರಬರುವವರ ಹಾಗೆ, ನಮ್ಮ ಕಡೆಗೇ ಮುಖಮಾಡಿ, ಹಿಂದಕ್ಕೆ ಹೆಜ್ಜೆ ಇಡುತ್ತಾ ಕಾರಿನವರೆಗೂ ಹೋದರು.

ಅವರು ಹೋದ ಮೇಲೆ ಅತ್ತೆ ಚಾಪೆ ಎತ್ತಿದರು. ಕೆಳಗೆ, ಆಗತಾನೆ ಒಗೆದು ನಾನು ಜಗಲಿಯ ಬಿಸಿಲಿಗೆ ಹರಡಿದ್ದ ಕಪ್ಪು ಪಟ್ಟಿ ಇತ್ತು. ಅವಸರದಲ್ಲಿ ಅತ್ತೆ ಅದರ ಮೇಲೆಯೇ ಚಾಪೆ ಹಾಸಿದ್ದರು. ಚಾಪೆಯ ಸಂದಿಯಿಂದ ಹತ್ತಿದ್ದು ಬರೀ ನೀರು, ಆದರೆ ಬಿದಿರು ಬಹಳ ನೀರು ಹಿಡಿಯುತ್ತದೆ.

"ಹೋಗಿ ಹೇಳೋಣ್ವಾ ಅತ್ತೆ?"

"ಏನಂತ ಏಳ್ತೀಯಾ? ಕೂಸಿನ ಬಟ್ಟೆ ಮ್ಯಾಲೆ ಕೂರಿಸಿದ್ವಿ ಅಂತಾನಾ? ಸುಮ್ಕಿರು." ಅತ್ತೆ ಪಟ್ಟಿಯನ್ನು ಹಿಂಡಿ ನೋಡಿದರು. ಆಮೇಲೆ ಮಗಳನ್ನು ಸೊಂಟದ ಮೇಲೆ ಸರಿಯಾಗಿ ಕೂರಿಸಿಕೊಂಡರು. "ಸೋಮವಾರ ಇಸ್ಕೂಲಿಗೆ ಓಗು. ಮೊದಲಾಳಿ ಮಡಿಲಲ್ಲಿ ತಡೆದದ್ದು ನನ್ ಮಡಿಲಲ್ಲಿ ತಡೀದಾ?"

ಮರುದಿನ ಮೊದಲಾಳಿಯ ಫೋನು ಬಂತು. ಮಾವನ ಎರಡೂ ಕೈ ಮಗ್ಗದಲ್ಲಿದ್ದವು, ಅದಕ್ಕೆ ನಾನು ಸ್ಪೀಕರ್ ಹಾಕಿ ಹಿಡಿದುಕೊಂಡೆ. ಸೆರಗಿನ ಬಗ್ಗೆ ಕೇಳಿದರು, ಅಂಚಿನ ಬಗ್ಗೆ ಕೇಳಿದರು. ಆಮೇಲೆ ಬಹಳ ಹೊತ್ತು ಗಂಟಲು ಸರಿಮಾಡಿಕೊಂಡರು.

"ಅಲ್ಲಪ್ಪಾ, ಕೂಸಿಗೆ ಆಕಿದ್ರಲ್ಲ, ಟಿಚ್ ಗುಂಡಿದು. ಅದು ದೊಡ್ಡೋರ ಸೈಜಲ್ಲಿ ಬರ್ತದಾ?"

ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡರು. ಮಾವ ಮಾತ್ರ ಲಾಳಿ ಕೆಳಗಿಟ್ಟು, ಹೊಸ ಆರ್ಡರ್ ಬಂದಾಗಿನ ಅದೇ ಗಂಭೀರ ದನಿಯಲ್ಲಿ ಹೇಳಿದರು:

"ಸೊಂಟದ ಅಳತೆ ಏಳಿ ಮೊದಲಾಳಿ, ನೇಯ್ದೇ ಕೊಡ್ತೀನಿ. ಅಂಚಿಗೆ ಜರಿ ಬೇಕಾ?"