ಮಾವನವರ ಚಿತ್ರ, ಕೆಳಗೆ ತಾರೀಖು

೨೦೨೪ನೆಯ ಇಸವಿ ನವೆಂಬರ್ ೧೬, ಶನಿವಾರ. ಕಾರ್ತಿಕ ಬಹುಳ ಪಾಡ್ಯ. ಬಸವಕಲ್ಯಾಣದಲ್ಲಿ ಚಳಿ ಆಗಷ್ಟೇ ಕಾಲೂರಿತ್ತು. ಮುಂಜಾನೆಯ ಮಂಜಿನಲ್ಲಿ ಹೆದ್ದಾರಿಯ ಲಾರಿಗಳೂ ಕಾಣುತ್ತಿರಲಿಲ್ಲ. ಅಂಥ ಶುಭ ಮುಹೂರ್ತದಲ್ಲಿ ಬೀಜ-ಗೊಬ್ಬರದ ವ್ಯಾಪಾರಿ ಸೂರ್ಯಕಾಂತನು, ಯಾರ ನೆರವೂ ಇಲ್ಲದೆ ಮನೆಯ ಕಂಪ್ಯೂಟರಿನ ಲಾಗಿನ್ ಪರದೆಯ ಚಿತ್ರ ಬದಲಿಸುವೆನೆಂದು ಘೋಷಿಸಿದನು.

ಕಾರಣವೂ ಘನವಾದದ್ದೇ. ಹುಮನಾಬಾದಿನ ಮಾವ ಬಸವಣಪ್ಪನವರು ಮರುದಿನ ಊಟಕ್ಕೆ ಬರುವವರಿದ್ದರು. ೨೦೨೧ರ ಫೆಬ್ರುವರಿ ೧೮ರ ಗೃಹಪ್ರವೇಶದಲ್ಲಿ ತಮ್ಮನ್ನು ಎರಡನೆಯ ಪಂಕ್ತಿಗೆ ಕೂರಿಸಿದರೆಂದು ಮುನಿದವರು, ಅಂದಿನಿಂದ ಅಳಿಯನ ಹೊಸ್ತಿಲು ತುಳಿದಿರಲಿಲ್ಲ. ಹೆಂಡತಿ ಸುಮನಬಾಯಿ ಅತ್ತು ಕರೆದು ಒಪ್ಪಿಸಿದ್ದಳು. ಈ ಸಲವೂ ಕೆಟ್ಟರೆ ಅವಳಿಗೆ ತವರಿನ ನಂಟೇ ಹರಿದಂತೆ. ಕಂಪ್ಯೂಟರ್ ತೆರೆದೊಡನೆ ಮಾವನವರಿಗೆ ಮಾವನವರದೇ ದರ್ಶನವಾಗಬೇಕು ಎಂಬುದು ಸೂರ್ಯಕಾಂತನ ಯೋಜನೆ.

ಅವನು ಆರಿಸಿದ್ದು ಹಳೆಯ ಸನ್ಮಾನದ ಫೋಟೋ: ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಗೇಣುದಪ್ಪದ ಹಾರ, ಫ್ಲ್ಯಾಶಿನ ಬೆಳಕಿಗೆ ಮುಚ್ಚಿದ ಕಣ್ಣು. ಸೆಟ್ಟಿಂಗ್ಸ್ ಎಂಬ ಚಕ್ರವ್ಯೂಹವನ್ನು ಹೊಕ್ಕು, ಅಭಿಮನ್ಯುವಿಗೂ ಆಗದಷ್ಟು ಸುರಕ್ಷಿತವಾಗಿ ಹೊರಬಂದನು. ಪರದೆ ಬೆಳಗಿತು. ಮುಖದ ಕೆಳಗೆ ಕಂಪ್ಯೂಟರು ತನ್ನ ವಾಡಿಕೆಯಂತೆ ದೊಡ್ಡ ಅಕ್ಷರಗಳಲ್ಲಿ ಬರೆಯಿತು: ಶನಿವಾರ, ನವೆಂಬರ್ ೧೬.

ಅದರ ಫೋಟೋ ತೆಗೆದು, ಒಂದು ಮಾತೂ ಸೇರಿಸದೆ, ಬಂಧುಗಳ ವಾಟ್ಸಾಪ್ ಗುಂಪಿಗೆ ಕಳಿಸಿದನು. ಕ್ಷಣಾರ್ಧದಲ್ಲಿ ಕೈಮುಗಿದ ಚಿಹ್ನೆಗಳ ಸಾಲೇ ಬಂತು. ತನ್ನ ಕಲೆಗೆ ಇಷ್ಟೊಂದು ಗೌರವವೇ ಎಂದು ಉಬ್ಬಿ, ಒಬ್ಬೊಬ್ಬರಿಗೂ ತಿರುಗಿ ಕೈಮುಗಿದು, ಫೋನನ್ನು ಚಾರ್ಜಿಗಿಟ್ಟು ಬದನೆಕಾಯಿ ತರಲು ಹೋದನು.

ಅಂಗಡಿಗೂ ಹೋಗಿ ಮಧ್ಯಾಹ್ನ ಹಿಂದಿರುಗಿದಾಗ ಸುಮನಬಾಯಿ ಪರದೆಯ ಮುಂದೆ ನಿಂತಿದ್ದಳು.

"ನಮ್ಮಪ್ಪಗ ಹಾರ ಹಾಕಿ, ಕೆಳಗ ತಾರೀಖ ಯಾಕ ಬರ್ದೀರಿ?"

"ನಾ ಎಲ್ಲಿ ಬರ್ದೀನಿ? ಕಂಪ್ಯೂಟರೇ ಬರೀತದ."

"ಹಂಗಿದ್ರ ತಿಥಿ ಅಡಗಿನೂ ಅದೇ ಮಾಡ್ಲಿ. ಮೊದ್ಲ ಫೋನ್ ನೋಡ್ರಿ."

ಫೋನಿನ ತುಂಬ ಎತ್ತದ ಕರೆಗಳು. ಹುಮನಾಬಾದಿನಲ್ಲಿ ಅಷ್ಟರೊಳಗೆ ಕೆಲಸ ಕೆಟ್ಟಿತ್ತು. ಹಳ್ಳಿಖೇಡದ ದಾಯಾದಿ ದತ್ತಾತ್ರಿಯು ಟ್ರ್ಯಾಕ್ಟರ್ ತುಂಬ ಬಂಧುಗಳನ್ನು ಹೇರಿಕೊಂಡು ಬಂದಿದ್ದನು. ಇನ್ನೊಬ್ಬ ಬಂಧು ಮಡೆಪ್ಪನು ಭಜನಾ ಮೇಳವನ್ನೇ ಕರೆತಂದಿದ್ದನು. ತಾಳದ ಸದ್ದು ಕೇಳಿ ಹೊರಬಂದ ಬಸವಣಪ್ಪನವರು, ಓಣಿಯಲ್ಲಿ ಯಾರೋ ತೀರಿಕೊಂಡರೆಂದು ತಿಳಿದು, ಹೆಗಲಿಗೆ ಶಾಲು ಹಾಕಿಕೊಂಡು ತಾವೂ ಮಣ್ಣಿಗೆ ಹೊರಟು ನಿಂತರಂತೆ.

"ಯಾರ್ ಹೋದ್ರೋ ಮಡೆಪ್ಪಾ?"

"ನೀವಾ ಅಂತ ತಿಳ್ದು ಬಂದೀವ್ರಿ ಕಾಕಾ."

ಆ ರಾತ್ರಿ ಸೂರ್ಯಕಾಂತನಿಗೆ ಹುಮನಾಬಾದಿಗೆ ಹೋಗುವ ಧೈರ್ಯವಾಗಲಿಲ್ಲ. ಮಾವನವರು ಇನ್ನು ಬರುವುದಿಲ್ಲವೆಂದು ಸುಮನಬಾಯಿ ಒಲೆಯನ್ನೂ ಹೊತ್ತಿಸದೆ ಕುಳಿತಳು. ಆದರೆ ಭಾನುವಾರ ಮಧ್ಯಾಹ್ನ ಬಸವಣಪ್ಪನವರು ಬಂದೇ ಬಂದರು. ಅಳಿಯನು ಕ್ಷಮೆಯ ಭಾಷಣವನ್ನು ಬಾಯಿಪಾಠ ಮಾಡಿಕೊಂಡು ಬಾಗಿಲಲ್ಲಿ ತಲೆತಗ್ಗಿಸಿ ನಿಂತಿದ್ದನು. ಅವರು ಕೈಯೆತ್ತಿ ತಡೆದರು.

"ಹಾರದ್ದು ಬಿಡ್ರಿ, ತಾರೀಖಿಂದೂ ಬಿಡ್ರಿ. ಹಳ್ಳಿಖೇಡದವ್ರು ಬಂದ್ರು, ಭಜನಿಯವ್ರು ಬಂದ್ರು, ನನ್ನ ಜೋಡಿ ಮಾತ ಬಿಟ್ಟವ್ರೂ ಬಂದು ಅತ್ರು. ನಾ ಸತ್ತೀನಂತ ಊರಿಗೆಲ್ಲಾ ಹೇಳಿ, ಅಳಿಯಾರು ನೀವೊಬ್ಬರು ಬರಲಿಲ್ಲಲ್ಲ. ಮಣ್ಣಿಗೂ ನಿಮಗ ಪತ್ರಿಕಿ ಕೊಟ್ಟು ಕರೀಬೇಕೇನು?"

ಬಸವಣಪ್ಪನವರು ಅಂದು ಮೊದಲ ಪಂಕ್ತಿಯಲ್ಲಿ ಉಂಡರು. ಕಂಪ್ಯೂಟರಿಗೆ ಮೊಮ್ಮಗಳು ಸಾಕ್ಷಿ ಬರಿಯ ನೀಲಿ ಬಣ್ಣ ಹಾಕಿದಳು. ನವೆಂಬರ್ ೧೯, ಮಂಗಳವಾರ, ಸೂರ್ಯಕಾಂತನು ಮಾವನೊಂದಿಗೆ ಹುಮನಾಬಾದಿನ ಬಸ್ಸು ಹತ್ತಿ, ಅತ್ತವರ ಮನೆಮನೆಗೂ ಹೋಗಿ ಮಾವನವರು ಬದುಕಿದ್ದಾರೆಂದು ತಿಳಿಸಿದನು. ಮನೆಗಳನ್ನು ಮಾವನವರೇ ಮುಂದೆ ನಡೆದು ತೋರಿಸಿದರು.